ಯಂತ್ರಕ್ಕೆ ಅನುದಾನವಿದೆ, ವೆಲ್ಡಿಂಗ್ ರಾಡಿಗೆ ಇಲ್ಲ

ನಿನ್ನೆ ನಮ್ಮ ಊರಿನ, ಅಂದರೆ ಬೆಂಗಳೂರಿನದೇ, ಒಂದು ಸರ್ಕಾರಿ ಐಟಿಐಗೆ (ಕೈಗಾರಿಕಾ ತರಬೇತಿ ಸಂಸ್ಥೆಗೆ) ಹೋಗಿದ್ದೆ. ಯಾವುದು ಎಂದು ಕೇಳಬೇಡಿ. ಹೆಸರು ಬರೆದರೆ ವಿವರಣೆ ಕೇಳಿ ನೋಟಿಸು ಹೋಗುವುದು ಅಲ್ಲಿನ ಪ್ರಾಚಾರ್ಯರಿಗೇ ಹೊರತು ಹಣ ಹಂಚುವ ಮಹನೀಯರಿಗಲ್ಲ. ಪೀಣ್ಯದ ನನ್ನ ಶೆಡ್ಡಿಗೆ ಇಬ್ಬರು ವೆಲ್ಡರ್ ಹುಡುಗರು ಬೇಕಾಗಿದ್ದರು. ಮುಂದಿನ ವರ್ಷ ಹೊರಬರುವವರನ್ನು ಈಗಲೇ ನೋಡಿಟ್ಟುಕೊಳ್ಳೋಣ ಎಂಬುದು ನನ್ನ ಸ್ವಾರ್ಥ.

ವೆಲ್ಡಿಂಗ್ ವಿಭಾಗದ ಬೋಧಕರು ಬೀರುವಿನ ಬೀಗ ತೆಗೆದು 3.15 ಎಂಎಂ ರಾಡುಗಳನ್ನು ಪ್ರಸಾದ ಹಂಚುವವರಂತೆ ಎಣಿಸಿ ಕೊಟ್ಟರು: ಇಬ್ಬರಿಗೆ ಒಂದು. ಅಂಥ ಒಂದು ರಾಡು ಉರಿದು ಮುಗಿಯಲು ಒಂದೂವರೆ ನಿಮಿಷ ಸಾಕು. ಮೊದಲನೆಯವನು ಅರ್ಧ ಉರಿಸಿ ಹೋಲ್ಡರನ್ನು ಪಕ್ಕದವನಿಗೆ ಕೊಟ್ಟ. ಪಕ್ಕದವನು ತುಂಡು ಬೆರಳಗಲಕ್ಕೆ ಇಳಿದು ಹೋಲ್ಡರಿನ ದವಡೆಯೇ ಕೆಂಪಾಗುವ ತನಕ ಬಿಡಲಿಲ್ಲ. ಅವರು ಬೆಸೆಯುತ್ತಿದ್ದದ್ದೂ ಹೊಸ ಪ್ಲೇಟಲ್ಲ, ಹಿಂದಿನ ಬ್ಯಾಚಿನವರು ಬೆಸೆದುಹೋದ ತುಂಡಿನ ಮೇಲೆಯೇ ಇನ್ನೊಂದು ಪದರ. ಫಿಟ್ಟರ್ ವಿಭಾಗದಲ್ಲಿ ಇದಕ್ಕೆ ತಿರುಗುಮುರುಗು: ಒಂದೇ ಕಬ್ಬಿಣದ ತುಂಡನ್ನು ಬ್ಯಾಚಿನ ಮೇಲೆ ಬ್ಯಾಚು ಅರ ಹಾಕಿ ಉಜ್ಜಿ, ಅದು ಬಿಸ್ಕತ್ತಿನಷ್ಟು ತೆಳ್ಳಗಾಗಿದೆ.

ಪಕ್ಕದ ಕೋಣೆಯಲ್ಲಿ ಹವಾನಿಯಂತ್ರಣವಿದೆ, ಹೊಳೆಯುವ ನೆಲವಿದೆ, ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಯಂತ್ರವಿದೆ. ಪರದೆಯ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಕಿತ್ತಿಲ್ಲ. ಆಯುಧಪೂಜೆಯ ದಿನ ಇಟ್ಟ ಅರಿಶಿನ ಕುಂಕುಮ ಹಾಗೆಯೇ ಇದೆ. ಆ ದಿನದ ನಂತರ ಯಂತ್ರವನ್ನು ಯಾರಾದರೂ ಮುಟ್ಟಿದಂತೆ ಕಾಣಲಿಲ್ಲ. ಕಾರಣ ಕೇಳಿದೆ. ಲೋಹ ಕತ್ತರಿಸುವ ಟೂಲ್ ಇನ್ಸರ್ಟು ಮುರಿದಿವೆ, ಕಾವು ತಣಿಸುವ ಕೂಲಂಟ್ ಇಲ್ಲ, ಅದನ್ನು ಬಲ್ಲ ಬೋಧಕರು ವಾರಕ್ಕೆ ಮೂರು ದಿನ ಬೇರೆಡೆ ನಿಯೋಜನೆಯ ಮೇಲಿದ್ದಾರೆ. ನಿಂತ ಯಂತ್ರಕ್ಕೂ ಮಂಜೂರಾದ ಕಿಲೋವ್ಯಾಟಿನ ಲೆಕ್ಕದಲ್ಲಿ ವಿದ್ಯುತ್ತಿನ ನಿಗದಿತ ಶುಲ್ಕ ಮಾತ್ರ ತಪ್ಪದೆ ಬರುತ್ತದೆ.

ನನ್ನ ಸಿಟ್ಟು ಇಷ್ಟೇ. ರಾಜ್ಯದ 150 ಐಟಿಐಗಳನ್ನು ತಂತ್ರಜ್ಞಾನ ಕೇಂದ್ರಗಳನ್ನಾಗಿ ಮಾಡಿ 2022ರ ಜೂನಿನಲ್ಲಿ ಲೋಕಾರ್ಪಣೆ ಮಾಡಿದಾಗ ಯೋಜನೆಯ ಮೊತ್ತ ₹4,700 ಕೋಟಿಗೂ ಹೆಚ್ಚು ಎಂದು ಹೇಳಿದರು. 2025ರ ಮೇ ತಿಂಗಳಲ್ಲಿ ಕೇಂದ್ರ ಸಂಪುಟ ದೇಶದ 1,000 ಸರ್ಕಾರಿ ಐಟಿಐಗಳ ಉನ್ನತೀಕರಣಕ್ಕೆ ₹60,000 ಕೋಟಿಯ ಯೋಜನೆಯನ್ನು ಒಪ್ಪಿತು: ಕೇಂದ್ರದ ಪಾಲು 30,000, ರಾಜ್ಯಗಳದು 20,000, ಉದ್ಯಮಗಳದು 10,000. ಸಂತೋಷ, ನಿಜವಾಗಿಯೂ ಸಂತೋಷ. ಇಷ್ಟೆಲ್ಲ ಕೋಟಿಗಳ ನಡುವೆ ಒಬ್ಬ ಹುಡುಗನ ಕೈಗೆ ದಿನಕ್ಕೆ ಹತ್ತು ರಾಡು ಯಾವ ಲೆಕ್ಕಶೀರ್ಷಿಕೆಯಡಿ ಬರುತ್ತದೆ ಎಂಬುದನ್ನು ಯಾರಾದರೂ ತೋರಿಸಿಕೊಡಬೇಕು. ಯಂತ್ರ ಬಂಡವಾಳ ವೆಚ್ಚ. ಅದಕ್ಕೆ ರಿಬ್ಬನ್ ಕಟ್ಟಬಹುದು, ಫೋಟೋ ತೆಗೆಯಬಹುದು. ರಾಡು ಕಚ್ಚಾ ಸಾಮಗ್ರಿ. ಉರಿದು ಬೂದಿಯಾಗುವ ವಸ್ತುವಿನ ಪಕ್ಕದಲ್ಲಿ ನಿಂತು ಯಾವ ಮಂತ್ರಿ ಫೋಟೋ ತೆಗೆಸಿಕೊಳ್ಳುತ್ತಾನೆ?

ಬರುವ ಅಷ್ಟಿಷ್ಟು ಹಣದ ಕಾಲವೂ ವಿಚಿತ್ರ. ಸರ್ಕಾರದ ವರ್ಷ ಏಪ್ರಿಲ್‌ನಲ್ಲಿ ಶುರುವಾಗುತ್ತದೆ, ಐಟಿಐ ತರಗತಿ ಆಗಸ್ಟ್–ಸೆಪ್ಟೆಂಬರಿನಲ್ಲಿ. ವೆಲ್ಡರ್ ಟ್ರೇಡ್ ಒಂದೇ ವರ್ಷದ್ದು. ಕಂತು ಬಿಡುಗಡೆಯಾಗಿ, ಕೊಟೇಷನ್ ತರಿಸಿ, ಬಿಲ್ಲು ಖಜಾನೆಗೆ ಹೋಗುವ ಹೊತ್ತಿಗೆ ಮಾರ್ಚ್ ಬಂದಿರುತ್ತದೆ. 31ರೊಳಗೆ ಖರ್ಚಾಗದಿದ್ದರೆ ಅನುದಾನ ಲ್ಯಾಪ್ಸ್. ಹಾಗಾಗಿ ಸೇರಿದಾಗ ಕೈ ಕುದುರಬೇಕಾದ ಹುಡುಗನಿಗೆ ರಾಡು ಕಾಣಿಸುವುದು, ಅವನ ವರ್ಷದ ಅರ್ಧಕ್ಕೂ ಹೆಚ್ಚು ಕಳೆದ ಮೇಲೆ. ಅಂಗಡಿಯವನು ಮಾತ್ರ ಮಾರ್ಚಿನಲ್ಲಿ ಕೇಳಿದ ದರ ಕೊಡುತ್ತಾರೆಂದು ಬಲ್ಲ.

ಒಂದು ತಪ್ಪೊಪ್ಪಿಗೆಯನ್ನೂ ಇಲ್ಲಿಯೇ ಮಾಡಿಬಿಡುತ್ತೇನೆ. 2007–08ರಲ್ಲಿ ಕೇಂದ್ರ ಸರ್ಕಾರ ದೇಶದ 1,396 ಸರ್ಕಾರಿ ಐಟಿಐಗಳನ್ನು ಸಾರ್ವಜನಿಕ–ಖಾಸಗಿ ಸಹಭಾಗಿತ್ವದಲ್ಲಿ ಮೇಲೆತ್ತುವ ಯೋಜನೆ ತಂದಿತ್ತು. ಪ್ರತಿ ಸಂಸ್ಥೆಯ ನಿರ್ವಹಣಾ ಸಮಿತಿಗೆ ₹2.5 ಕೋಟಿ ಬಡ್ಡಿರಹಿತ ಸಾಲ; ಮೊದಲ 10 ವರ್ಷ ಮರುಪಾವತಿ ಇಲ್ಲ, ಅನಂತರ 20 ವರ್ಷ ಸಮಾನ ಕಂತು, ಅಂದರೆ ವರ್ಷಕ್ಕೆ ₹12.5 ಲಕ್ಷ. ಅಂಥ ಒಂದು ಸಮಿತಿಯಲ್ಲಿ ಉದ್ಯಮದ ಪ್ರತಿನಿಧಿಯಾಗಿ ನಾನೂ ಕೆಲವು ವರ್ಷ ಕುಳಿತಿದ್ದೆ, ಗೋಡಂಬಿ ತಿಂದಿದ್ದೆ. ಬಡವರ ಮಕ್ಕಳಿಂದ ನಾಮಮಾತ್ರ ಶುಲ್ಕ ಪಡೆಯುವ ಸಂಸ್ಥೆ ವರ್ಷಕ್ಕೆ ಹನ್ನೆರಡೂವರೆ ಲಕ್ಷ ಎಲ್ಲಿಂದ ದುಡಿದು ತೀರಿಸಬೇಕು ಎಂಬ ಭಯ ಎಲ್ಲರಿಗೂ ಇತ್ತು, ಆಡಿಟ್ಟಿನ ಭಯ ಅದಕ್ಕಿಂತ ಹೆಚ್ಚಿತ್ತು. ಹಾಗಾಗಿ ಒಂದು ದೊಡ್ಡ ಮೊತ್ತವನ್ನು ಠೇವಣಿ ಇಟ್ಟು ಬಡ್ಡಿ ಎಣಿಸುತ್ತ ಕುಳಿತೆವು. ಯೋಜನೆಯ ನಿಯಮ ಅದಕ್ಕೆ ಅವಕಾಶ ಕೊಟ್ಟಿತ್ತು. ಆ ನಿರ್ಣಯದ ಕೆಳಗೆ ನನ್ನ ಸಹಿಯೂ ಇದೆ. ನಿನ್ನೆ ಆ ಹುಡುಗ ಬೆರಳಗಲದ ತುಂಡಿನಲ್ಲಿ ಬೆಸೆಯುತ್ತಿದ್ದಾಗ ನನಗೆ ನೆನಪಾದದ್ದು ಆ ಸಹಿಯೇ.

ಈಗ ಕೆಲವರು ಬಂದು ಹೇಳುತ್ತಾರೆ: ಕಚ್ಚಾ ಸಾಮಗ್ರಿಗೆ ಹಣ ಕೊಟ್ಟರೆ ಸೋರಿಹೋಗುತ್ತದೆ, ಅದಕ್ಕಿಂತ ಪರದೆಯ ಮೇಲೆಯೇ ಬೆಸುಗೆ ಕಲಿಸುವ ಸಿಮ್ಯುಲೇಟರ್ ಕೊಟ್ಟರೆ ರಾಡೂ ಬೇಡ, ಪ್ಲೇಟೂ ಬೇಡ. ಸೋರಿಕೆ ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ; ಪೀಣ್ಯದಲ್ಲಿ ಶೆಡ್ಡು ನಡೆಸುವವನಿಗೆ ಗುಜರಿಯ ದಾರಿ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಕದಿಯುವವನು ಸಿಕ್ಕರೆ ಅವನನ್ನು ಹಿಡಿಯಿರಿ. ಅವನ ಭಯಕ್ಕೆ ಇಪ್ಪತ್ತು ಹುಡುಗರ ಕೈ ಕಟ್ಟುವುದು ಯಾವ ನ್ಯಾಯ? ಇನ್ನು ಸಿಮ್ಯುಲೇಟರ್. ಅದರಲ್ಲಿ ಕಿಡಿ ಬಂದು ಅಂಗಿಯ ಕಾಲರಿನೊಳಗೆ ಬೀಳುವುದಿಲ್ಲ, ರಾಡು ಪ್ಲೇಟಿಗೆ ಅಂಟಿಕೊಂಡು ಕೈ ಅದುರುವುದಿಲ್ಲ. ಅದರಲ್ಲಿ ನೂರಕ್ಕೆ ತೊಂಬತ್ತು ಅಂಕ ಪಡೆದ ಒಬ್ಬ ಹುಡುಗ ನನ್ನ ಶೆಡ್ಡಿನಲ್ಲಿ ಮೊದಲ ದಿನ ರಾಡು ಗೀರಲೇ ಹೆದರಿದ್ದ. ದಕ್ಷಿಣ ಕೊರಿಯಾದಲ್ಲಿ ಶೇ 96ರಷ್ಟು ದುಡಿಯುವವರಿಗೆ ವೃತ್ತಿ ಶಿಕ್ಷಣ ಸಿಗುತ್ತದೆ, ನಮ್ಮಲ್ಲಿ ಶೇ 5ಕ್ಕೂ ಕಡಿಮೆ ಎಂದು 2020ರ ಶಿಕ್ಷಣ ನೀತಿಯ ಪುಟ ತೋರಿಸಿ ಭಾಷಣ ಮಾಡುವವರು, ಆ ಕೊರಿಯಾದ ಹುಡುಗನ ಕೈಗೆ ದಿನಕ್ಕೆ ಎಷ್ಟು ರಾಡು ಸಿಗುತ್ತದೆ ಎಂದು ಎಂದಾದರೂ ಕೇಳಿದ್ದಾರೆಯೇ?

ಬೆಳಿಗ್ಗೆ ತಡೆಯಲಾರದೆ ನಾಲ್ಕು ಪ್ಯಾಕೆಟ್ ರಾಡು ತೆಗೆದುಕೊಂಡು ಮತ್ತೆ ಹೋಗಿದ್ದೆ. ಪ್ರಾಚಾರ್ಯರು ಎದ್ದು ನಿಂತು, ಕಾಫಿ ತರಿಸಿ, ಬಹಳ ಸಂಕೋಚದಿಂದ ಹೇಳಿದರು: “ತಪ್ಪು ತಿಳಿಯಬೇಡಿ ಸಾರ್. ದೇಣಿಗೆ ಎಂದರೆ ದಾಸ್ತಾನು ಪುಸ್ತಕಕ್ಕೆ ಏರಿಸಬೇಕು, ಏರಿಸಲು ಮೇಲಿನಿಂದ ಅನುಮತಿ ಬರಬೇಕು. ನೀವೊಂದು ಅರ್ಜಿ ಕೊಡಿ, ಕಳಿಸುತ್ತೇನೆ.” ಅವರ ಮೇಜಿನ ಮೇಲೆಯೇ ಅರ್ಜಿ ಬರೆದುಕೊಟ್ಟು ಬಂದೆ. ಪ್ಯಾಕೆಟ್ಟುಗಳು ನನ್ನ ಕಾರಿನ ಡಿಕ್ಕಿಯಲ್ಲಿವೆ. ರಾಡಿಗೆ ತೇವ ಹಿಡಿದರೆ ಬೆಸುಗೆ ಕೆಡುತ್ತದೆ. ಅನುಮತಿ ಬರುವ ತನಕ ಎಲ್ಲಿಡಬೇಕೋ ನೋಡಬೇಕು.