ನಾಲ್ಕು ಟೈರು, ಒಂದೇ ವಾರ

ಟೈರ್ ಅಂಗಡಿಯಲ್ಲಿ ಮರ್ಯಾದೆ ಇರೋದು ಒಂದೇ ಪ್ರಶ್ನೆಗೆ. ಎಷ್ಟು ಸಾವಿರ ಕಿಲೋಮೀಟರ್ ಬರುತ್ತೆ? ಬೇರೆ ಏನೇ ಕೇಳಿದರೂ ಮೇಲಿಂದ ಕೆಳಗೆ ನೋಡುತ್ತಾರೆ. ಪಂಕ್ಚರ್ ಹಾಕಿಸೋಕೆ ಬಂದ ಪಿಕಪ್ ಡ್ರೈವರ್ ಕೂಡ ನೋಡುತ್ತಾನೆ. ಗೋಣಿಕೊಪ್ಪಲಿನಿಂದ ಈಗಷ್ಟೇ ಬಂದು ಕೂತಿದ್ದೇನೆ. ಸೋಪು ಹಾಕಿ ತೊಳೆದರೂ ಕೈಯಿಂದ ರಬ್ಬರ್ ವಾಸನೆ ಹೋಗಿಲ್ಲ, ಕೋಪವೂ ಹೋಗಿಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ಆಗಾಗ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಹೋಗುತ್ತೇನೆ. 2003ರಲ್ಲಿ ಶುರುವಾದ, 2.1 ಕಿಲೋಮೀಟರ್ ಉದ್ದದ ಟ್ರ್ಯಾಕ್ ಅದು. ದುಡ್ಡು ಕಟ್ಟಿದರೆ ನಮ್ಮಂಥವರಿಗೂ ಸ್ವಂತ ಕಾರು ಓಡಿಸೋಕೆ ಬಿಡುವ ದಿನಗಳಿರುತ್ತವೆ. ಕಪ್ಪಿಲ್ಲ, ಹಾರ ಇಲ್ಲ, ಸುಮ್ನೆ ಖುಷಿಗೆ. ಅದೇ ಕಾರು ವಾರವಿಡೀ ತೋಟಕ್ಕೆ ಗೊಬ್ಬರದ ಮೂಟೆ ಹೊರಬೇಕು, ಅತ್ತೆಯನ್ನು ವಿರಾಜಪೇಟೆಗೆ ಡಾಕ್ಟರ ಹತ್ತಿರ ಕರ್ಕೊಂಡು ಹೋಗಬೇಕು. ಅದೇ ಟೈರಲ್ಲೇ ಕೊಯಮತ್ತೂರಿಗೆ ಹೋಗಿ ಬರಬೇಕು, ಅದೂ ಬಂಡೀಪುರದ ಗೇಟು ರಾತ್ರಿ 9ಕ್ಕೆ ಹಾಕೋದರೊಳಗೆ.

ಹಾಗಾಗಿ ನನಗೆ ಎಲ್ಲರಿಗಿಂತ ಜೋರಾಗಿ ಅಂಟುವ ಟೈರ್ ಬೇಡ. ಎರಡನೇ ಸುತ್ತಲ್ಲಿ ಹೇಗಿತ್ತೋ ಹತ್ತನೇ ಸುತ್ತಲ್ಲೂ ಹಾಗೇ ಇರುವ ಟೈರ್ ಬೇಕು. ಮೆತ್ತನೆ ರಬ್ಬರ್ ಇರೋದು ಮೊದಲ ಎರಡು ಸುತ್ತು ಎಂಥಾ ಮಜಾ ಕೊಡುತ್ತೆ ಗೊತ್ತಾ, ಆಮೇಲೆ ಬಿಸಿಯಾಗಿ ಜಾರೋಕೆ ಶುರು ಮಾಡುತ್ತೆ, ಟೈರಿನ ಗೀರುಗಳ ನಡುವಿನ ರಬ್ಬರ್ ಕಟ್ಟೆ ಚೂರು ಚೂರಾಗಿ ಕಿತ್ತು ಬರುತ್ತೆ. ತಿರುವಿಗೆ ನಾನು ಬೇಗ ನುಗ್ಗಿದ್ದೋ, ಟೈರೇ ಕೈಕೊಟ್ಟಿದ್ದೋ ಗೊತ್ತಾಗಬೇಕಾದರೆ ಇಬ್ಬರಲ್ಲಿ ಒಬ್ಬರಾದರೂ ನೆಟ್ಟಗಿರಬೇಕಲ್ವಾ?

ಬೇರೆ ದೇಶದಲ್ಲಿ ಇದಕ್ಕೆ ಅಂತಲೇ ಪಕ್ಕದಲ್ಲಿ ಟ್ರೆಡ್‌ವೇರ್ 200 ಅಂತ ಅಚ್ಚು ಹಾಕಿದ ಟೈರ್ ಸಿಗುತ್ತವೆ. ಸಂಖ್ಯೆ ಕಡಿಮೆ ಇದ್ದಷ್ಟು ಬೇಗ ಸವೆಯುತ್ತೆ, ಚೆನ್ನಾಗಿ ಹಿಡಿಯುತ್ತೆ ಅಂತ ಲೆಕ್ಕ. ಅದನ್ನು ಹಾಕೋದು ಕಂಪನಿಯವರೇ, ಆದ್ದರಿಂದ ಒಬ್ಬರ 300ನ್ನು ಇನ್ನೊಬ್ಬರ 400ರ ಜೊತೆ ಇಟ್ಟು ನೋಡಿ ಪ್ರಯೋಜನ ಇಲ್ಲ. ನಮಗೋ 2020ರ ಜೂನ್‌ನಲ್ಲಿ ಹೊಸ ಟೈರ್ ಆಮದಿಗೆ ಲೈಸೆನ್ಸ್ ಬೇಕು ಅಂತಾದ ಮೇಲೆ ಆ ಬಾಗಿಲೂ ಅರ್ಧ ಮುಚ್ಚಿತು. ಸಂಪಾಜೆ ಕಡೆ ಇಳಿದರೆ ರಬ್ಬರ್ ಮರಗಳು ಸಾಲಾಗಿ ನಿಂತಿವೆ. ಪಕ್ಕದ ಮೈಸೂರಲ್ಲೇ ದೊಡ್ಡ ಟೈರ್ ಫ್ಯಾಕ್ಟರಿ ಇದೆ, ಹಳಬರು ಈಗಲೂ ವಿಕ್ರಾಂತ್ ಅಂತಲೇ ಹೇಳೋದು. ನಾನು ಮಾತ್ರ 15 ಇಂಚಿನ ನಾಲ್ಕು ಟೈರ್‌ಗೆ ಊರೂರು ಅಲೆಯಬೇಕು.

ಕೊನೆಗೆ ಲೆಕ್ಕ ಹಾಕಿ ಸಾಧಾರಣ ರಸ್ತೆ ಟೈರಲ್ಲೇ ಒಂದನ್ನು ಆರಿಸಿದೆ. ಪಕ್ಕದ ಗೋಡೆ ಗಟ್ಟಿ ಇರಬೇಕು, ವೇಗದ ಅಕ್ಷರ ವಿ ಇರಬೇಕು. ವಿ ಅಂದರೆ ಗಂಟೆಗೆ 240. ನಮ್ಮ ಕಾರು ಬೆಟ್ಟದಿಂದ ತಳ್ಳಿದರೂ ಅಷ್ಟು ಹೋಗಲ್ಲ, ಆದರೆ ಆ ಅಕ್ಷರ ಇದ್ದರೆ ಬಿಸಿ ತಡೆಯುತ್ತೆ. ಕೊನೇ ಷರತ್ತು, ನಾಲ್ಕೂ ಒಂದೇ ವಾರ ತಯಾರಾಗಿರಬೇಕು.

ಇಲ್ಲಿಂದ ಶುರು ನೋಡಿ.

"ಹತ್ತು ಸುತ್ತು ಹೊಡೆದರೂ ಹಿಡಿತ ಬದಲಾಗಬಾರದು ಇಕ್ಕಾ" ಅಂದೆ. ಅಂಗಡಿಯವರನ್ನು ನಾವು ಇಕ್ಕ, ಅಂದರೆ ಅಣ್ಣ, ಅಂತಲೇ ಕರೆಯೋದು. ಇಕ್ಕ ಟೀ ಲೋಟ ಕೆಳಗಿಟ್ಟರು. "ಸುತ್ತಾ? ಎಂಥ ಸುತ್ತು, ದೇವಸ್ಥಾನಕ್ಕಾ?"

ಒಂದೇ ವಾರದ್ದು ಬೇಕು ಅಂದಾಗ ಕರೆಂಟ್ ಹೋಯಿತು. ನನ್ನಿಂದಲೇ ಹೋದದ್ದು ಅನ್ನುವ ಹಾಗೆ ನೋಡಿದರು. ಹೊರಗೆ ಮಳೆ, ಮೇಲೆ ತಗಡಿನ ಸದ್ದು. ಇಕ್ಕ ಏಣಿ ಹತ್ತಿ ಅಟ್ಟದಿಂದ ಒಂದೊಂದೇ ಟೈರ್ ಉರುಳಿಸುತ್ತಾರೆ, ನಾನು ಮೊಬೈಲ್ ಟಾರ್ಚ್ ಹಿಡಿದು ಬಗ್ಗಿ ಟೈರಿನ ಪಕ್ಕದಲ್ಲಿ DOT ಅಂತ ಅಚ್ಚು ಹಾಕಿದ ಸಂಕೇತದ ಕೊನೆಯ ನಾಲ್ಕು ಅಂಕಿ ಓದುತ್ತೇನೆ. 1124. ಅಂದರೆ 2024ರ ಹನ್ನೊಂದನೇ ವಾರ. ಇನ್ನೊಂದೂ 1124. ಸಂತೋಷ. ಮೂರನೆಯದು 0924. ನಾಲ್ಕನೆಯದು 4622.

ಪ್ರತಿ ಟೈರಿಗೂ ಇಕ್ಕನ ಒಂದು ಪೂಜೆ ಇದೆ. ಅಂಗೈಯಿಂದ ಧೂಳು ಒರೆಸುತ್ತಾರೆ, ಹೆಬ್ಬೆರಳ ಉಗುರನ್ನು ರಬ್ಬರಿಗೆ ಒತ್ತುತ್ತಾರೆ, ಕಣ್ಣು ಮುಚ್ಚುತ್ತಾರೆ, "ನಲವತ್ತು ಸಾವಿರ ಗ್ಯಾರಂಟಿ" ಅನ್ನುತ್ತಾರೆ. 1124ಕ್ಕೂ ನಲವತ್ತು, 4622ಕ್ಕೂ ನಲವತ್ತು. ಗೋಡೆಗೆ ಒರಗಿಸಿಟ್ಟಿದ್ದ ಯಾರದೋ ಬೋಳು ಟೈರನ್ನೂ ಅಭ್ಯಾಸಬಲದಿಂದ ಒತ್ತಿ ನೋಡಿದರು. ಅದಕ್ಕೆ ಹತ್ತು ಸಾವಿರ ಕೊಟ್ಟರು.

ಎರಡು ವಾರದ ವ್ಯತ್ಯಾಸ ನನ್ನಂಥವನಿಗೆ ಗೊತ್ತಾಗಲ್ಲ, ಅದು ನಿಜ. ಆದರೆ ಕಾದ ತಗಡಿನ ಕೆಳಗೆ ವರ್ಷಗಟ್ಟಲೆ ಮಲಗಿದ ರಬ್ಬರ್ ಗಟ್ಟಿಯಾಗಿರುತ್ತೆ, ಅದೊಂದೇ ಚಕ್ರ ಬೇರೆಯವಕ್ಕಿಂತ ಮೊದಲು ಜಾರುತ್ತೆ. ಇದನ್ನು ಹೇಳುತ್ತಿದ್ದರೆ ಇಕ್ಕ ಏಣಿಯ ಮೇಲಿಂದಲೇ, "ಎಲ್ಲಾ ಕಪ್ಪು, ಎಲ್ಲಾ ರೌಂಡು. ಹೆಣ್ಣು ನೋಡೋಕೆ ಬಂದವರೂ ಇಷ್ಟು ಜಾತಕ ಕೇಳಲ್ಲ ಮಾರಾಯ್ರೆ" ಅಂದರು. ಪಿಕಪ್ ಡ್ರೈವರ್ ಜೋರಾಗಿ ನಕ್ಕ. ಪಂಕ್ಚರ್ ಹುಡುಗನೂ ನಕ್ಕ. 1124ರ ಎರಡನ್ನು ಮುಂದಿನ ಚಕ್ರಗಳಿಗೆ ಅಂತ ತಗೊಂಡೆ, ಉಳಿದೆರಡು ಮೈಸೂರಿಂದ ತರಿಸಿಕೊಡ್ತಾರಂತೆ. ಅದೇ ವಾರದ್ದು ಅಂತ ಚೀಟಿಯಲ್ಲಿ ಬರೆಸಿಕೊಂಡಿದ್ದೇನೆ. ಚೀಟಿಯಲ್ಲಿ ಅವರು ಬರೆದದ್ದು "ಒಂದು ವಾರದಲ್ಲಿ".

ಗಾಳಿಯದ್ದು ಇನ್ನೊಂದು ಕಥೆ. ತಣ್ಣಗಿದ್ದಾಗ 30 ಇದ್ದದ್ದು ಟ್ರ್ಯಾಕಲ್ಲಿ ನಾಲ್ಕೈದು ಸುತ್ತಿಗೆ 36, 37 ಆಗೋದು ಸಾಮಾನ್ಯ. ಅದಕ್ಕೇ ಕಡಿಮೆ ಇಟ್ಟುಕೊಂಡು ಹೋಗಬೇಕು, ಟೈರಿನ ಅಂಚಿಗೆ ಸೀಮೆಸುಣ್ಣ ಬಳಿದು ಎಲ್ಲಿವರೆಗೆ ಅಳಿಸಿದೆ ನೋಡಿ ಹೊಂದಿಸಬೇಕು. ನಮ್ಮ ಬಂಕಿನ ಹುಡುಗ 28 ಅಂದರೆ 35 ಹೊಡೆದು, "ಘಾಟಿ ಅಲ್ವಾ ಅಣ್ಣ, ಸ್ವಲ್ಪ ಜಾಸ್ತಿ ಇರಲಿ" ಅನ್ನುತ್ತಾನೆ. ಟಿಪ್ಸೂ ತಗೊಳ್ಳಲ್ಲ ಪಾಪ.

ಚಿಕ್ಕವರಿದ್ದಾಗ ಕೊಯ್ಲು ಮುಗಿದ ಗದ್ದೆಯಲ್ಲಿ ಆಟೋಕ್ರಾಸ್ ಅನ್ನುವ ಗಾಡಿ ಓಟ ನೋಡೋಕೆ ಬದುವಿನ ಮೇಲೆ ನಿಲ್ಲುತ್ತಿದ್ದೆವು. ಧೂಳು ತಲೆತುಂಬಾ. ಹಳೇ ಜೀಪು, ಹಳೇ ಜಿಪ್ಸಿ, ಸವೆದ ಟೈರು, ಒಬ್ಬರಾದರೂ ಬಗ್ಗಿ ಅಂಕಿ ಓದಿದ್ದು ನೆನಪಿಲ್ಲ. ಅಡ್ಡಡ್ಡ ಜಾರಿಕೊಂಡೇ ಗೆಲ್ಲುತ್ತಿದ್ದರು. ಆ ಗದ್ದೆಗಳಲ್ಲಿ ಕೆಲವು ಈಗ ಗದ್ದೆಯಾಗಿ ಉಳಿದಿಲ್ಲ.

ಟ್ರ್ಯಾಕಿಗೆ ಬೇರೆ ಸೆಟ್ಟು, ರಸ್ತೆಗೆ ಬೇರೆ ಸೆಟ್ಟು ಇಟ್ಟುಕೋ ಅಂತ ಬುದ್ಧಿ ಹೇಳುವವರಿದ್ದಾರೆ. ಸರಿಯಾದ ಮಾತೇ, ಅಂಚು ಸವೆದ ಟೈರಲ್ಲಿ ಜೂನ್ ತಿಂಗಳ ಮಡಿಕೇರಿ ರಸ್ತೆ ಹತ್ತೋಕೆ ನನಗೂ ಧೈರ್ಯ ಇಲ್ಲ. ಆದರೆ ಇಡೋದು ಎಲ್ಲಿ? ಅಟ್ಟದಲ್ಲಿ ಕರಿಮೆಣಸು, ಶೆಡ್ಡಿನಲ್ಲಿ ಕಾಫಿ ಮೂಟೆ. ಹಳೇ ನಾಲ್ಕನ್ನು ಹಿತ್ತಲಲ್ಲಿ ಪೇರಿಸಿದ್ದೆ. ಡೆಂಗಿ ಸರ್ವೆಗೆ ಬಂದ ಆಶಾ ಅಕ್ಕ ಟಾರ್ಚ್ ಬಿಟ್ಟು ಒಳಗೆ ನೋಡಿದರು. ನೀರಲ್ಲಿ ಮರಿಗಳು ಕುಣಿಯುತ್ತಿದ್ದವು.

"ಅಕ್ಕಾ, ಅದು ಟ್ರ್ಯಾಕ್ ಟೈರ್, ಬಿಸಾಕೋದಲ್ಲ" ಅಂದೆ.

"ಸೊಳ್ಳೆಗೆ ಅದೆಲ್ಲ ಗೊತ್ತಾಗಲ್ಲ ಸಾರ್. ಸಂಜೆಯೊಳಗೆ ಮಗುಚಿ ಹಾಕಿ, ನಾಳೆ ಬಂದು ನೋಡ್ತೀನಿ" ಅಂತ ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆದುಕೊಂಡರು.