ವೆಲ್ಡಿಂಗ್ ಕಲಿಯುವವರು ಕಬ್ಬಿಣ ಎಲ್ಲಿ ಹುಡುಕಬೇಕು?

ಮನೆಯಲ್ಲೇ ವೆಲ್ಡಿಂಗ್ ಕಲಿಯೋಣ ಅಂತ ಸಣ್ಣ ಇನ್ವರ್ಟರ್ ವೆಲ್ಡಿಂಗ್ ಮೆಷಿನ್ ತಂದವರು ಸ್ವಲ್ಪ ದಿನದಲ್ಲೇ ಕೇಳುವ ಪ್ರಶ್ನೆ ಒಂದಿದೆ. ಕಬ್ಬಿಣ ಕಡಿಮೆಗೆ ಎಲ್ಲಿ ಸಿಗುತ್ತದೆ? ಮೆಷಿನ್‌ಗೆ ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು. ಕಬ್ಬಿಣ ಹಾಗಲ್ಲ, ಕೂತಾಗಲೆಲ್ಲ ಖರ್ಚಾಗುತ್ತದೆ. ಕೇಳಿದವರಿಗೆ ಎಲ್ಲರೂ ಹೇಳುವುದು ಒಂದೇ ಮಾತು: ಗುಜರಿಗೆ ಹೋಗು. ನನ್ನ ತಕರಾರು ಇರುವುದು ಈ ಮಾತಿನ ಬಗ್ಗೆ. ಗುಜರಿ ಬೇಡವೇ ಬೇಡ ಅಂತ ಅಲ್ಲ. ಆದರೆ ಹೊಸಬರನ್ನು ಮೊದಲ ದಿನವೇ ಅಲ್ಲಿಗೆ ಅಟ್ಟಬಾರದು.

ಯಾಕೆ ಅಂದರೆ, ಕಲಿಯುವವರ ಕೈ ಇನ್ನೂ ಕುದುರಿರುವುದಿಲ್ಲ. ಬೀಡ್, ಅಂದರೆ ಬೆಸುಗೆಯ ಗೆರೆ, ಅದರ ತುಂಬಾ ಸಣ್ಣ ಸಣ್ಣ ತೂತು ಬಿತ್ತು ಅಂದುಕೊಳ್ಳಿ. ಆರ್ಕ್, ಅಂದರೆ ರಾಡಿನ ತುದಿಯ ವಿದ್ಯುತ್ ಕಿಡಿ, ಉದ್ದ ಆಯಿತಾ? ಬೆಸುಗೆಗೆ ಕರಗುವ ಆ ರಾಡ್ ತೇವ ಹಿಡಿದಿತ್ತಾ? ಇಲ್ಲಾ ಕಬ್ಬಿಣದ ಮೇಲಿದ್ದ ಪೇಂಟು, ತುಕ್ಕು, ಎಣ್ಣೆಯ ಕೆಲಸವಾ? ಪಳಗಿದವರು ಆರ್ಕಿನ ಸದ್ದು ಕೇಳಿಯೇ ಅರ್ಧ ಹೇಳಿಬಿಡುತ್ತಾರೆ. ಹೊಸಬರಿಗೆ ಗೊತ್ತಾಗುವುದಿಲ್ಲ. ತಪ್ಪು ತಮ್ಮ ಕೈಯದೇ ಅಂದುಕೊಂಡು ಕರೆಂಟ್ ಏರಿಸುತ್ತಾರೆ, ಇಳಿಸುತ್ತಾರೆ, ಕೊನೆಗೆ ಮೆಷಿನ್‌ಗೆ ಬೈಯುತ್ತಾರೆ. ಶ್ರುತಿ ತಪ್ಪಿದ ವಾದ್ಯದಲ್ಲಿ ಸಂಗೀತ ಕಲಿತ ಹಾಗೆ. ಕಲಿಯುವಾಗ ಕಬ್ಬಿಣ ಅಗ್ಗ ಇರಬೇಕು ನಿಜ, ಆದರೆ ಅದಕ್ಕಿಂತ ಮೊದಲು ಅದು ಯಾವ ಕಬ್ಬಿಣ ಅಂತ ಗೊತ್ತಿರಬೇಕು.

ಅಂಥದ್ದು ಸಿಗುವುದು ಫ್ಯಾಬ್ರಿಕೇಶನ್ ಶಾಪ್‌ನಲ್ಲಿ. ಗೇಟು, ಗ್ರಿಲ್, ಶೆಡ್ಡು ಮಾಡುವ ಯಾವ ಶಾಪ್‌ಗೆ ಬೇಕಾದರೂ ಹೋಗಿ ನೋಡಿ, ಮೂಲೆಯಲ್ಲಿ ಒಂದು ಡ್ರಮ್ಮೋ ಡಬ್ಬವೋ ಇರುತ್ತದೆ. ಅದರ ತುಂಬಾ ತುಂಡುಗಳು. ಪೈಪು, ಎಲ್ ಆಕಾರದ ಆಂಗಲ್ ಎಲ್ಲ ಸಾಮಾನ್ಯವಾಗಿ 6 ಮೀಟರ್ ಉದ್ದ ಬರುತ್ತವೆ. ಅಳತೆಗೆ ಕಡಿದ ಮೇಲೆ ಉಳಿದ ಗೇಣುದ್ದದ್ದು, ಮೊಳದುದ್ದದ್ದು ಅವರ ಮುಂದಿನ ಕೆಲಸಕ್ಕೆ ಆಗಿಬರುವುದಿಲ್ಲ. ಡಬ್ಬ ತುಂಬಿದಾಗ ಅದನ್ನು ಗುಜರಿಯವರಿಗೆ ತೂಕಕ್ಕೆ ಹಾಕುತ್ತಾರೆ. ಗುಜರಿಯವರು ಕೊಡುವುದಕ್ಕಿಂತ ನೀವು ಸ್ವಲ್ಪ ಜಾಸ್ತಿ ಕೊಡುತ್ತೀನಿ ಅಂದರೆ ಅವರಿಗೂ ಲಾಭ. ಹೊಸ ಕಬ್ಬಿಣದ ರೇಟಿಗೆ ಹೋಲಿಸಿದರೆ ನಿಮಗೂ ಬಹಳ ಕಡಿಮೆ.

ಕೇಳುವ ರೀತಿ ಮಾತ್ರ ಮುಖ್ಯ. ಕೆಲಸದ ಗಡಿಬಿಡಿಯಲ್ಲಿ ಹೋಗಿ ನಿಲ್ಲಬೇಡಿ. ಅಂಗಡಿ ಮುಚ್ಚುವ ಹೊತ್ತಿಗೆ ಹೋಗಿ. 'ಕಲಿಯೋಕೆ ಎಂಎಸ್ ತುಂಡು ಬೇಕು, 3 ರಿಂದ 6 ಮಿ.ಮೀ. ದಪ್ಪದ್ದು, ಪ್ಲೇಟ್ ಆದರೂ ಸರಿ, ಫ್ಲಾಟ್ ಆದರೂ ಸರಿ' ಅಂತ ಬಿಡಿಸಿ ಹೇಳಿ. ಫ್ಲಾಟ್ ಅಂದರೆ ಚಪ್ಪಟೆ ಪಟ್ಟಿ, ಎಂಎಸ್ ಅಂದರೆ ಮೈಲ್ಡ್ ಸ್ಟೀಲ್. ಕಾರ್ಬನ್ ಕಡಿಮೆ, ಹೆಚ್ಚೆಂದರೆ ಶೇ. 0.25ರ ಆಸುಪಾಸು. ಬೆಸುಗೆಗೆ ಇದಕ್ಕಿಂತ ಸಾಧು ಲೋಹ ಇಲ್ಲ. ಕೇಳದೆ ಡಬ್ಬಕ್ಕೆ ಕೈ ಹಾಕಬೇಡಿ, ಅದರಲ್ಲೇ ಅವರು ನಾಳೆಗೆ ಎತ್ತಿಟ್ಟ ತುಂಡೂ ಇರಬಹುದು. ಪ್ಲೇಟನ್ನು ಲೇಸರ್, ಪ್ಲಾಸ್ಮಾದಲ್ಲಿ ಕತ್ತರಿಸುವ ಶಾಪ್ ಹತ್ತಿರದಲ್ಲಿದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಉಳಿಯುವ ಅಂಚುಪಟ್ಟಿಗಳು ಹೊಸವು, ಒಂದೇ ದಪ್ಪದವು.

ಕಲಿಯೋಕೆ ರಾಶಿ ಕಬ್ಬಿಣ ಬೇಕು ಅನ್ನುವುದೂ ಸುಮ್ನೆ ಹೆದರಿಕೆ. ಎರಡು ಅಂಗೈ ಅಗಲದ 6 ಮಿ.ಮೀ. ಪ್ಲೇಟ್ ಒಂದು ಸಿಕ್ಕರೆ ಬಹಳ ಕಾಲ ಬರುತ್ತದೆ. ಮೊದಲು ಗ್ರೈಂಡರ್ ಹಿಡಿದು ಮೇಲಿನ ಕಪ್ಪು ಪೊರೆ ತೆಗೆಯಿರಿ. ಸೀಮೆಸುಣ್ಣದಲ್ಲಿ ನೇರ ಗೆರೆ ಎಳೆದು, ಗೆರೆಯ ಮೇಲೆ ಒಂದು ಬೀಡ್ ಹಾಕಿ. ಬೀಡ್ ಮೇಲೆ ಗಟ್ಟಿಯಾಗಿ ಕೂತ ಪೊರೆ, ಅಂದರೆ ಸ್ಲ್ಯಾಗ್, ಕುಟ್ಟಿ ತೆಗೆದು ವೈರ್ ಬ್ರಷ್‌ನಲ್ಲಿ ಉಜ್ಜಿ. ಮುಂದಿನ ಬೀಡ್ ಹಿಂದಿನದರ ಮೂರನೇ ಒಂದು ಭಾಗದ ಮೇಲಾದರೂ ಕೂರಬೇಕು. ಹೀಗೆ ಪ್ಲೇಟ್ ಪೂರ್ತಿ ತುಂಬಿದ ಮೇಲೆ ಅದರ ಮೇಲೆಯೇ ಅಡ್ಡಡ್ಡ ಇನ್ನೊಂದು ಪದರ. ಆಮೇಲೆ ಮತ್ತೊಂದು. ಪ್ಲೇಟ್ ದಪ್ಪವಾಗುತ್ತಾ ಹೋಗುತ್ತದೆ ಅಷ್ಟೇ, ಖರ್ಚಾಗುವುದು ರಾಡ್ ಮಾತ್ರ. ಒಂದು ಎಚ್ಚರಿಕೆ: ಪ್ಲೇಟ್ ಕಾದ ಹಾಗೆಲ್ಲ ಕರಗಿದ ಲೋಹ ಅಗಲವಾಗಿ ಹರಡುತ್ತದೆ. ಅದೇ ಕರೆಂಟ್, ಅದೇ ಕೈ, ಆದರೆ ಬೀಡ್ ಬೇರೆ. ಆದ್ದರಿಂದ ನಡುನಡುವೆ ಆರಲು ಬಿಡಿ. ಕಲಿಯುವ ಪ್ಲೇಟ್ ಆದರೆ ಇಕ್ಕಳದಲ್ಲಿ ಹಿಡಿದು ನೀರಿಗೆ ಅದ್ದಿದರೂ ನಡೆಯುತ್ತದೆ, ಆವಿಯಿಂದ ಕೈ ದೂರ ಇರಲಿ. ಬಳಸುವ ವಸ್ತುವಿನ ಬೆಸುಗೆಗೆ ಮಾತ್ರ ಹಾಗೆ ಮಾಡಬೇಡಿ.

ಗೇಣುದ್ದದ ಫ್ಲಾಟ್ ತುಂಡುಗಳನ್ನು ಟಿ ಆಕಾರದಲ್ಲಿ ನಿಲ್ಲಿಸಿ ಒಂದೇ ಪಕ್ಕ ವೆಲ್ಡ್ ಮಾಡಿ, ವೈಸ್‌ಗೆ ಕಚ್ಚಿಸಿ, ಬೆಸುಗೆ ಬಾಯಿ ಬಿಡುವ ದಿಕ್ಕಿಗೆ ಸುತ್ತಿಗೆಯಿಂದ ಬಗ್ಗಿಸಿ. ಮುರಿದ ಜಾಗದಲ್ಲಿ ಬೆಸುಗೆ ಬುಡದವರೆಗೆ ಇಳಿದಿದೆಯೋ, ಮೇಲೆ ಮೇಲೆ ಕೂತಿದೆಯೋ ಕಣ್ಣಿಗೇ ಕಾಣುತ್ತದೆ.

ಹೊಸಬರನ್ನು ಸೆಳೆಯುವ ಇನ್ನೊಂದು ಅಗ್ಗದ ಮಾಲು ತೆಳು ಪೈಪ್. ಕಬ್ಬಿಣ ಮಾರುವುದು ತೂಕದ ಲೆಕ್ಕದಲ್ಲಿ, ಹಾಗಾಗಿ ತೆಳುವಾದಷ್ಟೂ ಮೀಟರಿಗೆ ಕಡಿಮೆ ಬೀಳುತ್ತದೆ. ಆದರೆ 1 ಮಿ.ಮೀ. ಗೋಡೆಯ ಪೈಪಿಗೆ 2.5 ಮಿ.ಮೀ. ರಾಡ್ ಮುಟ್ಟಿಸಿ ನೋಡಿ, ಕಣ್ಣು ಮಿಟುಕಿಸುವುದರಲ್ಲಿ ತೂತು. ತೂತು ಮುಚ್ಚಲು ಹೋದರೆ ಇನ್ನೂ ದೊಡ್ಡ ತೂತು. ಹೀಗೆ ರಾಡ್ ಹಿಡಿದು ಮಾಡುವ ಸ್ಟಿಕ್ ವೆಲ್ಡಿಂಗ್ ಕಲಿಯುವವರು 3 ಮಿ.ಮೀ.ಗಿಂತ ಕೆಳಗೆ ಇಳಿಯದಿದ್ದರೆ ತಲೆನೋವು ಕಡಿಮೆ. ಕೈ ಕೂತ ಮೇಲೆ 2 ಮಿ.ಮೀ.

ಇನ್ನು ಸ್ಟೂಲು, ರ‍್ಯಾಕು, ಕೆಲಸದ ಮೇಜು ಅಂತ ನಿಜವಾದ ವಸ್ತು ಮಾಡಲು ಹೊರಟಾಗ ನನ್ನ ಮಾತು ತಿರುಗುತ್ತದೆ. ಆಗ ತುಂಡು ಹುಡುಕುತ್ತಾ ಅಲೆಯಬೇಡಿ, ಹೊಸ ಕಬ್ಬಿಣ ಪೂರ್ತಿ ಉದ್ದದ್ದೇ ತನ್ನಿ. ಅದೂ ಹಾರ್ಡ್‌ವೇರ್ ಅಂಗಡಿಯಲ್ಲಿ ಅಂದವಾಗಿ ಜೋಡಿಸಿಟ್ಟ ಮೀಟರುದ್ದದ ತುಂಡುಗಳಲ್ಲ. ಅವುಗಳ ರೇಟನ್ನು ಕೆ.ಜಿ. ಲೆಕ್ಕಕ್ಕೆ ತಂದು ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಕಬ್ಬಿಣವನ್ನೇ ಮಾರುವ ಸ್ಟೀಲ್ ಯಾರ್ಡ್‌ಗೆ ಹೋಗಿ. ಸಾಗಿಸಲು ಆಗದಿದ್ದರೆ ಅಲ್ಲೇ ಕಡಿಸಿಕೊಳ್ಳಿ. ಕೆಲವು ಯಾರ್ಡ್‌ಗಳಲ್ಲಿ ಬೇರೆ ಗಿರಾಕಿಗಳಿಗೆ ಕಡಿದು ಉಳಿದ ಉದ್ದಗಳೂ ಕಡಿಮೆ ರೇಟಿಗೆ ಸಿಗುತ್ತವೆ. ಬಾಯಿ ಬಿಟ್ಟು ಕೇಳಬೇಕು, ತಾವಾಗಿ ಹೇಳುವುದಿಲ್ಲ.

ಹೋಗುವ ಮುಂಚೆ ಒಂದು ಹಾಳೆ, ಪೆನ್ನು. 45 ಸೆಂ.ಮೀ. ಎತ್ತರದ ಸ್ಟೂಲ್ ಅಂದರೆ ನಾಲ್ಕು ಕಾಲಿಗೆ 1.8 ಮೀಟರ್. ಮೇಲೊಂದು ಚೌಕಟ್ಟು, ಕೆಳಗೊಂದು ಚೌಕಟ್ಟು, 30 ಸೆಂ.ಮೀ. ಉದ್ದದ್ದು ಎಂಟು, ಅಂದರೆ 2.4 ಮೀಟರ್. ಒಟ್ಟು 4.2. ಕಡಿಯುವ ಮೆಷಿನ್ ಚಾಪ್ ಸಾದ ಚಕ್ರ ಪ್ರತಿ ಸಲವೂ 3 ಮಿ.ಮೀ.ನಷ್ಟು ತಿಂದರೂ 6 ಮೀಟರಿನ ಒಂದೇ ಪೈಪಿನಲ್ಲಿ ಸ್ಟೂಲ್ ಮುಗಿದು ಒಂದೂಮುಕ್ಕಾಲು ಮೀಟರ್ ಉಳಿಯುತ್ತದೆ. ತೂಕವನ್ನೂ ಮೊದಲೇ ತಿಳಿಯಬಹುದು. ಒಂದು ಚದರ ಮೀಟರ್ ಹಾಳೆ, 1 ಮಿ.ಮೀ. ದಪ್ಪ ಇದ್ದರೆ 7.85 ಕೆ.ಜಿ. ದುಂಡು ಸರಳಾದರೆ ಅದರ ವ್ಯಾಸವನ್ನು ಮಿ.ಮೀ.ನಲ್ಲಿ ತಗೊಂಡು, ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿ. ಬಂದದ್ದು ಮೀಟರಿಗೆ ಎಷ್ಟು ಕೆ.ಜಿ. ಅನ್ನುವುದು. 12 ಮಿ.ಮೀ. ಸರಳು ಮೀಟರಿಗೆ 0.89 ಕೆ.ಜಿ. 25 ಮಿ.ಮೀ. ಚೌಕದ ಪೈಪು, 2 ಮಿ.ಮೀ. ಗೋಡೆಯದ್ದು, ಮೀಟರಿಗೆ ಹತ್ತಿರಹತ್ತಿರ 1.4 ಕೆ.ಜಿ. ತಕ್ಕಡಿ ತೋರಿಸುವುದು ಇದಕ್ಕಿಂತ ಬಹಳ ಕಡಿಮೆ ಇದ್ದರೆ ಹೇಳಿದ ದಪ್ಪ ಅದರಲ್ಲಿಲ್ಲ ಅಂತಲೇ ಅರ್ಥ.

ಕಾಯಿಸಿ ಉರುಳೆಗಳ ನಡುವೆ ಒತ್ತಿದ ಹಾಟ್ ರೋಲ್ಡ್, ತಣ್ಣಗಿದ್ದಾಗ ಒತ್ತಿದ ನುಣುಪಾದ ಕೋಲ್ಡ್ ರೋಲ್ಡ್ ಎರಡೂ ಇದ್ದರೆ ಹಾಟ್ ರೋಲ್ಡ್ ತಗೊಳ್ಳಿ. ನೋಡಲು ಕಪ್ಪಗೆ ಒರಟಾಗಿರುತ್ತದೆ, ಅಷ್ಟೇ. ಆ ಕಪ್ಪು ಪೊರೆಯನ್ನು ಬೆಸುಗೆ ಜಾಗದಲ್ಲಿ ಉಜ್ಜಿ ತೆಗೆದರೆ ಸಾಕು. ನುಣುಪಿಗೆ ಜಾಸ್ತಿ ದುಡ್ಡು ಯಾಕೆ?

ಈಗ ಗುಜರಿಗೆ ಬರೋಣ. ಕೈ ಪಳಗಿದ ಮೇಲೆ ಅದು ನಿಜಕ್ಕೂ ಖಜಾನೆ. ಹಳೇ ರ‍್ಯಾಕಿನ ಆಂಗಲ್, ಮೆಷಿನ್ ಸ್ಟ್ಯಾಂಡಿನ ಚಾನಲ್, ಮುರಿದ ಗೇಟಿನ ಫ್ಲಾಟ್, ಇವೆಲ್ಲ ಸಾಮಾನ್ಯವಾಗಿ ಮೈಲ್ಡ್ ಸ್ಟೀಲೇ. ಲಾರಿಯ ಪಟ್ಟಿ ಸ್ಪ್ರಿಂಗ್, ಆಕ್ಸಲ್, ಹೈಟೆನ್ಸಿಲ್ ಬೋಲ್ಟು, ಎರಕದ ಕಬ್ಬಿಣ ಮುಟ್ಟಬೇಡಿ. ಇವುಗಳಲ್ಲಿ ಬೆಸುಗೆ ಕೂತ ಹಾಗೆ ಕಂಡರೂ ಆರುವಾಗ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಟಿಎಂಟಿ ಕಂಬಿ ಅಲಂಕಾರದ ವಸ್ತುವಿಗೆ ಸರಿ, ಭಾರ ಹೊರುವ ಕಡೆ ಬೇಡ. ಅನುಮಾನ ಬಂದರೆ ಗ್ರೈಂಡರ್ ಕಿಡಿ ನೋಡಿ. ಮೈಲ್ಡ್ ಸ್ಟೀಲಿನ ಕಿಡಿ ಉದ್ದಕ್ಕೆ, ಹಳದಿಯಾಗಿ ಹಾರುತ್ತದೆ, ತುದಿಯಲ್ಲಿ ಅಲ್ಲೊಂದು ಇಲ್ಲೊಂದು ಕವಲು. ಕಾರ್ಬನ್ ಜಾಸ್ತಿ ಇದ್ದರೆ ಚಕ್ರದ ಹತ್ತಿರದಿಂದಲೇ ಸುರುಸುರುಬತ್ತಿಯಂತೆ ಸಿಡಿಯುತ್ತದೆ. ಎರಕದ್ದು ಕೆಂಪಗೆ, ಗಿಡ್ಡ. ಗೊತ್ತಿರುವ ಎಂಎಸ್ ತುಂಡು ಒಂದನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿದರೆ ಕಣ್ಣು ಬೇಗ ಕಲಿಯುತ್ತದೆ.

ಪುಕ್ಕಟೆ ಸಿಕ್ಕರೂ ಬೇಡ ಅನ್ನಬೇಕಾದ ಮಾಲೂ ಇದೆ. ಜಿಐ, ಅಂದರೆ ಸತು ಲೇಪಿಸಿದ ಪೈಪ್ ಅದರಲ್ಲಿ ಮೊದಲನೆಯದು. ಅದರ ಮೇಲಿನ ಸತು 907 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಉಕ್ಕು ಕರಗಲು 1,500 ಡಿಗ್ರಿಯ ಹತ್ತಿರ ಬೇಕು. ಅಂದರೆ ಬೆಸುಗೆ ಆಗುವ ಹೊತ್ತಿಗೆ ಸತು ಬಿಳಿ ಹೊಗೆಯಾಗಿ ಮೂಗಿಗೆ ಬಂದಿರುತ್ತದೆ. ಆಗ ಏನೂ ಆಗುವುದಿಲ್ಲ, ಕೆಲವು ಗಂಟೆ ಬಿಟ್ಟು ಚಳಿಜ್ವರ, ಮೈಕೈ ನೋವು ಶುರುವಾಗುತ್ತದೆ. ಕ್ರೋಮ್ ಹೊಳಪಿನ ಪೈಪು, ಹಳದಿ ಮಿಶ್ರಿತ ಲೇಪನದ ಹಳೇ ಬೋಲ್ಟು ಇದಕ್ಕಿಂತ ಕೆಟ್ಟವು. ಆ ಲೇಪನ ಕ್ಯಾಡ್ಮಿಯಂ ಆಗಿದ್ದರೆ ಅದರ ಹೊಗೆ ಜೀವ ತೆಗೆಯಬಲ್ಲದು. ಮುಚ್ಚಿದ ಡ್ರಮ್, ಗ್ಯಾಸ್ ಸಿಲಿಂಡರ್, ಶಾಕ್ ಅಬ್ಸಾರ್ಬರ್ ಇವನ್ನಂತೂ ಕಡಿಯಲೂ ಬೇಡಿ, ಬೆಸೆಯಲೂ ಬೇಡಿ. ಖಾಲಿ ಕಂಡರೂ ಒಳಗಿನ ಆವಿ ಸಿಡಿಯುತ್ತದೆ. ಎಣ್ಣೆ ಜಿಡ್ಡು ತೆಗೆಯಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಳಸುವವರಿದ್ದಾರೆ. ಅದರ ಆವಿಗೆ ಆರ್ಕ್ ತಾಗಿದರೆ ಫಾಸ್‌ಜೀನ್ ಅನ್ನುವ ವಿಷಾನಿಲ ಆಗುತ್ತದೆ, ದಯವಿಟ್ಟು ಬೇಡ.

ಗುಜರಿ ಲೆಕ್ಕದಲ್ಲಿ ಯಾರೂ ಸೇರಿಸದ ಖರ್ಚೂ ಒಂದಿದೆ. ಪೇಂಟು ಕೆರೆಯಲು ಫ್ಲ್ಯಾಪ್ ಡಿಸ್ಕು, ವೈರ್ ಬ್ರಷ್ಷು, ಕರೆಂಟು, ನಿಮ್ಮ ಸಂಜೆ. ಎರಡು ಮೂರು ಪದರ ಪೇಂಟು ಹತ್ತಿದ ಆಂಗಲನ್ನು ಬೆಳ್ಳಗೆ ಮಾಡುವಷ್ಟರಲ್ಲಿ ಅದರ ಅಗ್ಗದ ರೇಟು ಮರೆತೇ ಹೋಗಿರುತ್ತದೆ. ಹಾಗಾಗಿ ನಾನು ಪೇಂಟ್ ಇಲ್ಲದ, ಮೇಲೆ ಮೇಲೆ ತುಕ್ಕು ಹಿಡಿದದ್ದನ್ನು ಆರಿಸುತ್ತೇನೆ. ಅದನ್ನು ತೆಗೆಯುವುದು ಸುಲಭ. ಗುಳಿ ಬಿದ್ದ ತುಕ್ಕು ಬೇಡ, ಅಲ್ಲಿ ದಪ್ಪವೇ ಉಳಿದಿರುವುದಿಲ್ಲ.

ತಂದ ತುಂಡುಗಳನ್ನು ನೆಲಕ್ಕೆ ತಾಗದ ಹಾಗೆ ಎತ್ತಿಡಿ, ಒಂದು ಕೈ ಎಣ್ಣೆ ಸವರಿ, ಬೆಸೆಯುವ ಮುಂಚೆ ಅದನ್ನು ಒರೆಸಿ ತೆಗೆಯಿರಿ. ಎಲ್ಲಿಂದ ತಂದದ್ದು, ಎಷ್ಟು ದಪ್ಪ ಅಂತ ಅದರ ಮೇಲೆಯೇ ಬರೆದಿಡಿ. ಶಾಪ್‌ನ ತುಂಡೂ ಗುಜರಿಯ ತುಂಡೂ ಒಂದೇ ಡಬ್ಬದಲ್ಲಿ ಬೆರೆತರೆ ಆಮೇಲೆ ಬೇರೆ ಮಾಡುವುದು ಕಷ್ಟ.