ಕೈ ಊರದೆ ಎದ್ದವರು

ಸ್ಪ್ಲಿಟ್ ಹಾಕುವುದು ಅಂಥ ದೊಡ್ಡ ಮಾತಲ್ಲ. ಸರ್ಕಸ್ಸಿನಲ್ಲೂ ಹಾಕುತ್ತಾರೆ. ಕಾಲು ಅತ್ತಿತ್ತ ಚಾಚಿ ನೆಲಕ್ಕೆ ಕೂತ ಮೇಲೆ ಏಳುವುದು ಹೇಗೆ? ಕಷ್ಟ ಇರುವುದು ಅಲ್ಲಿ. ಸೋಫಾದಿಂದ ಏಳುವಾಗಲೇ 'ಅಮ್ಮಾ' ಅನ್ನುವ ನನ್ನಂಥವರಿಗೆ ಇದು ಚೆನ್ನಾಗಿ ಗೊತ್ತು.

1943ರ ಹಾಲಿವುಡ್ ಚಿತ್ರ 'ಸ್ಟಾರ್ಮಿ ವೆದರ್'ನ ಕೊನೆಗೆ ಒಂದು ಕುಣಿತ ಬರುತ್ತದೆ. ಕ್ಯಾಬ್ ಕ್ಯಾಲೊವೇ ತನ್ನ ಬ್ಯಾಂಡ್ ಕಟ್ಟಿಕೊಂಡು ಹಾಡುತ್ತಾನೆ. ಆಮೇಲೆ ಫೇಯರ್ಡ್ ಮತ್ತು ಹೆರಾಲ್ಡ್ ನಿಕೊಲಸ್ ಬರುತ್ತಾರೆ. ಅಣ್ಣತಮ್ಮಂದಿರು. ಹಿಂದೆ ಬಾಲ ಇಳಿಬಿಟ್ಟ ಕರಿಕೋಟು, ಮದುವೆಗೆ ಹೊರಟ ಹಾಗೆ. ವಾದ್ಯಗಾರರ ನಡುವೆ ಹಾರುತ್ತಾರೆ, ಪಿಯಾನೊ ಹತ್ತುತ್ತಾರೆ, ಕೊನೆಗೆ ದೊಡ್ಡ ದೊಡ್ಡ ಮೆಟ್ಟಿಲುಗಳ ಹತ್ತಿರ ಬರುತ್ತಾರೆ. ಒಬ್ಬ ಇನ್ನೊಬ್ಬನ ತಲೆ ಮೇಲಿಂದ ಹಾರಿ ಕೆಳಗಿನ ಮೆಟ್ಟಿಲಿಗೆ ಸ್ಪ್ಲಿಟ್‌ನಲ್ಲೇ ಬೀಳುತ್ತಾನೆ. ಅವನು ಏಳುವಷ್ಟರಲ್ಲಿ ಇವನು ಅವನ ಮೇಲಿಂದ ಹಾರಿರುತ್ತಾನೆ. ಹೀಗೆ ಕೆಳಗಿನವರೆಗೂ. ಏಳುವಾಗ ಕೈ ಊರುವುದಿಲ್ಲ! ಕಾಲುಗಳೇ ಕತ್ತರಿ ಮುಚ್ಚಿದ ಹಾಗೆ ಕೂಡಿಕೊಂಡು ಮೈಯನ್ನು ಮೇಲೆತ್ತುತ್ತವೆ. ಮುಖದಲ್ಲಿ ನಗು. ನೋಡುತ್ತಾ ಕೂತ ನನ್ನ ತೊಡೆ ಸುಮ್ನೆ ನೋಯುತ್ತದೆ.

ಇಬ್ಬರೂ ಡಾನ್ಸ್ ಶಾಲೆಗೆ ಹೋದವರಲ್ಲ. ಅಪ್ಪ ಅಮ್ಮ ಫಿಲಡೆಲ್ಫಿಯಾದ ಥಿಯೇಟರ್ ಒಂದರಲ್ಲಿ ವಾದ್ಯ ನುಡಿಸುತ್ತಿದ್ದರು. ಫೇಯರ್ಡ್ ಅಲ್ಲಿ ಬರುವ ಕುಣಿತಗಾರರನ್ನು ನೋಡಿ ನೋಡಿಯೇ ಕಲಿತ, ತಮ್ಮನಿಗೂ ಕಲಿಸಿದ. 1932ರಲ್ಲಿ ನ್ಯೂಯಾರ್ಕಿನ ಕಾಟನ್ ಕ್ಲಬ್ ಎಂಬ ನೈಟ್‌ಕ್ಲಬ್‌ನಲ್ಲಿ ಕುಣಿಯತೊಡಗಿದಾಗ ಹೆರಾಲ್ಡ್ ಇನ್ನೂ ಚಿಕ್ಕ ಹುಡುಗ.

ಇನ್ನೊಂದು ಖುಷಿ ಕ್ಯಾಮೆರಾದ್ದು. ಅದು ದೂರ ನಿಂತು ತಲೆಯಿಂದ ಬೂಟಿನವರೆಗೆ ಪೂರ್ತಿ ತೋರಿಸುತ್ತದೆ. ಹಾಲಿವುಡ್ಡಿನ ಹೆಸರಾಂತ ಕುಣಿತಗಾರ ಫ್ರೆಡ್ ಅಸ್ಟೇರ್ ತನ್ನ ಚಿತ್ರಗಳಲ್ಲಿ ಹಟ ಹಿಡಿದು ಕೇಳುತ್ತಿದ್ದುದೂ ಇದನ್ನೇ. ಈಗಿನ ಹಾಡುಗಳಲ್ಲಿ ಒಂದು ಸೊಂಟ, ಒಂದು ಕಣ್ಣು, ಅರ್ಧ ಮೊಣಕಾಲು ಬಂದು ಹೋಗುತ್ತವೆ. ಕುಣಿದವರು ಯಾರು, ಎಡಿಟರ್ ಅಲ್ವಾ?

ಆದರೆ ಆ ಕಾಲದಲ್ಲೂ ಕತ್ತರಿ ಇತ್ತು, ಬೇರೆ ಥರದ್ದು. ಕಪ್ಪು ಕಲಾವಿದರ ಕುಣಿತವನ್ನು ಕತೆಗೆ ಅಂಟದ ಹಾಗೆ ಬೇರೆಯಾಗಿಯೇ ಇಡುತ್ತಿದ್ದರು. ಅಮೆರಿಕದ ದಕ್ಷಿಣದ ಊರುಗಳಲ್ಲಿ ಬಿಳಿಯರಿಗೆ ಬೇಡವೆನಿಸಿದರೆ ಕತ್ತರಿಸಿ ತೆಗೆಯಲು ಅನುಕೂಲ. ನಿಕೊಲಸ್ ಸಹೋದರರ ಕುಣಿತಕ್ಕೂ ಆ ಗತಿ ಬಂದದ್ದುಂಟು. ಈ ಚಿತ್ರದಲ್ಲಿ ಮಾತ್ರ ಆ ಆಟ ನಡೆಯುವಂತಿರಲಿಲ್ಲ. ನಾಯಕ ಬಿಲ್ ರಾಬಿನ್‌ಸನ್, ನಾಯಕಿ ಲೀನಾ ಹಾರ್ನ್, ಬ್ಯಾಂಡಿನವರು, ಎಲ್ಲರೂ ಕಪ್ಪು ಜನ. ಕತ್ತರಿಸಲು ಹೊರಟರೆ ಇಡೀ ರೀಲೇ ಹೋಗುತ್ತಿತ್ತು.